ನಳದ ಮಿಸ್ತ್ರಿಗೆ ಕೊಟ್ಟ ಚಿತ್ರ

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಪೈಪ್ ರೆಂಚಿಗೆ ಸಿಕ್ಕು ಎಂದೋ ಕಿತ್ತುಹೋಗಿದ್ದ ಜಾಗದಲ್ಲಿ ಚರ್ಮ ನುಣುಪಾಗಿ, ಬಿಳಿಚಿಕೊಂಡು ಬೆಳೆದಿತ್ತು. ನಾನು ಕೊಟ್ಟ ಕಾಗದದ ಮೇಲೆ ಆ ಬೆರಳನ್ನು ಒತ್ತಿ, ಒಂದೊಂದೇ ಸಾಲು ಕೆಳಗಿಳಿಸುತ್ತ, "ಹೂಂ, ಇದು ತಿಳೀತು, ಮುಂದ ಹೇಳು ತಂಗಿ" ಎನ್ನುತ್ತಿದ್ದರು ನಮ್ಮ ನಳದ ಮಿಸ್ತ್ರಿ. ಸುರಪುರದ ಕಡೆಯವರು. ನಮ್ಮ ಆಫೀಸು ನಕ್ಷೆ ಮಾಡಿಕೊಟ್ಟ ಕಟ್ಟಡಗಳಿಗೆಲ್ಲ ನೀರಿನ ಕೆಲಸ ಅವರದೇ.

ನಾನು ಯಾದಗಿರಿಯ ಒಂದು ಎಂಜಿನಿಯರ್ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಹಾಕುವವಳು. ನಕ್ಷೆಯ ಜೊತೆಗೆ ಒಂದು ಪಟ್ಟಿ ಇರುತ್ತದೆ. ಯಾವ ಕೋಣೆಗೆ ಯಾವ ಬೇಸಿನ್, ಯಾವ ಗೀಸರ್, ಯಾವ ಮಾಡೆಲ್, ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಸಲ ಅದನ್ನು ಕೊಟ್ಟಾಗ ಮಿಸ್ತ್ರಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ನಮ್ಮ ಎಂಜಿನಿಯರ್ ಸಾಹೇಬರು ಆಚೆ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದರು.

"ತಂಗಿ, ಇದರ ಬಾಜೂಕ ಆ ಸಾಮಾನಿಂದು ಫೋಟೋ ಹಾಕಾಕ ಬರ್ತದೇನು?"

"ಬರ್ತದ ಕಾಕಾ. ಯಾಕ?"

"ಫೋಟೋ ಇದ್ರ ಲಗೂ ತಿಳೀತದ."

ಅವರಿಗೆ ಓದಲು ಬರುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಕನ್ನಡ ಓದಲೂ ಬರುತ್ತಿರಲಿಲ್ಲ. ಇಷ್ಟು ವರ್ಷ ಯಾರಿಗೂ ಗೊತ್ತಾಗದಂತೆ ನಿಭಾಯಿಸಿದ್ದರು. ನಾನೂ ಯಾರಿಗೂ ಹೇಳಲಿಲ್ಲ. ಅಂದಿನಿಂದ ಕ್ಯಾಟಲಾಗುಗಳಿಂದ ಚಿತ್ರ ಇಳಿಸಿ, ಪಟ್ಟಿಯ ಪ್ರತಿ ಸಾಲಿಗೂ ಸೇರಿಸಿ ಕೊಡತೊಡಗಿದೆ. ನೀರು ಎಡದಿಂದ ಬರಬೇಕೋ ಬಲದಿಂದಲೋ, ಚಿತ್ರ ನೋಡಿಯೇ ಗೋಡೆಯ ಮೇಲೆ ಗೀಟು ಎಳೆಯುತ್ತಿದ್ದರು. ಒಂದು ಗೀಟೂ ತಪ್ಪುತ್ತಿರಲಿಲ್ಲ. ತಪ್ಪು ನನ್ನ ನಕ್ಷೆಯಲ್ಲಿದ್ದರೆ ಬಾಗಿಲಿನಿಂದಲೇ ಕೂಗುತ್ತಿದ್ದರು: "ಏನ್ ತಂಗಿ, ಕಮೋಡ್ ಮ್ಯಾಲ ಕುಂತವರು ಬಾಗಲಾ ತೆಗದ್ರ ಮೊಣಕಾಲು ಎಲ್ಲಿ ಇಟ್ಕೋಬೇಕು?" ಆಫೀಸಿಗೆ ಆಫೀಸೇ ನಗುತ್ತಿತ್ತು. ಸಾಹೇಬರ ಪಾಠಕ್ಕಿಂತ ಈ ಬೈಗುಳದಿಂದ ನಾನು ಕಲಿತದ್ದೇ ಹೆಚ್ಚು.

ಶಹಾಪುರದಲ್ಲಿ ಒಂದು ಖಾಸಗಿ ಆಸ್ಪತ್ರೆ ಏಳುತ್ತಿತ್ತು. ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರವೊಂದು ಪಟ್ಟಿಯಲ್ಲಿತ್ತು. ಡಾಕ್ಟರು ಮೊದಲು ಒಂದು ಮಾಡೆಲ್ ಹೇಳಿ, ಆಮೇಲೆ ಮನಸ್ಸು ಬದಲಿಸಿದರು. ನಾನು ಹಳೆಯ ಸಾಲನ್ನೇ ನಕಲು ಮಾಡಿ ಹೆಸರು, ಅಳತೆ ತಿದ್ದಿದೆ. ಹಾಗೆ ನಕಲು ಮಾಡಿದರೆ ಹಳೆಯ ಚಿತ್ರವೂ ಜೊತೆಗೇ ಬಂದುಬಿಡುತ್ತದೆ. ಅದನ್ನು ಬದಲಿಸುವುದು ಮರೆತೆ.

ಮಿಸ್ತ್ರಿ ಚಿತ್ರದಲ್ಲಿದ್ದಂತೆ ಎಡಗಡೆ ಪೈಪ್ ಹಾಯಿಸಿದರು. ಮೇಲೆ ಟೈಲ್ಸ್ ಕೂತವು. ಯಂತ್ರ ಬಂದಾಗ ನೋಡಿದರೆ ನೀರಿನ ಬಾಯಿ ಬಲಗಡೆ. ಡಾಕ್ಟರು ಕೂಗಾಡಿದರು. ಸಾಹೇಬರು ನನ್ನ ಕಡೆ ತಿರುಗಿ, "ಪಟ್ಟಿಯಾಗ ಯಾವ ಮಾಡೆಲ್ ಅದ, ಓದು" ಎಂದರು. ನಾನು ಲ್ಯಾಪ್‌ಟಾಪ್ ನೋಡಿ ಹೆಸರು ಓದಿದೆ. ಹೆಸರು ಸರಿಯಾಗಿಯೇ ಇತ್ತು. ಚಿತ್ರದ ಮಾತು ಎತ್ತಲಿಲ್ಲ. ಸಾಹೇಬರು ಮಿಸ್ತ್ರಿಯ ಮೇಲೆ ಹರಿಹಾಯ್ದರು:

"ಕೇಳಿದಿಲ್ಲ? ಇಷ್ಟು ದಪ್ಪ ಅಕ್ಷರದಾಗ ಬರದದ. ಓದಾಕ ಬರೂದಿಲ್ಲೇನು ನಿನಗ?"

ಮಿಸ್ತ್ರಿ ನನ್ನನ್ನು ಒಮ್ಮೆ ನೋಡಿದರು. ಪಟ್ಟಿ ಅವರ ಕೈಯಲ್ಲೇ ಇತ್ತು. ತೋರಿಸಬಹುದಿತ್ತು, ಆದರೆ ಹಾಗೆ ಮಾಡಿದ್ದರೆ ತಾವು ಚಿತ್ರ ಮಾತ್ರ ನೋಡುವವರು ಎಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನೊಂದು ಮಾತು ಆಡಿದ್ದರೆ ಸಾಕಿತ್ತು. ಸಾಹೇಬರ ಮುಂದೆ ಸಣ್ಣವಳಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿ. ತಲೆ ತಗ್ಗಿಸಿದೆ.

"ಕನ್ನಡಕ ಮರತು ಬಂದಿದ್ನಿರಿ. ನನ್ನದ ತಪ್ಪಾತ್ರಿ" ಎಂದರು ಮಿಸ್ತ್ರಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡು.

ಆ ಗೋಡೆಯನ್ನು ತಾವೇ ಕೂತು ಒಡೆದರು. ಸಂಜೆ ಕೈ ತೊಳೆಯುತ್ತಿದ್ದಾಗ ಹತ್ತಿರ ಹೋಗಿ "ಕಾಕಾ" ಎಂದೆ. ಅವರು ಮುಖ ಎತ್ತಲಿಲ್ಲ.

"ಚಿತ್ರಾ ಸುಳ್ಳ ಹೇಳೂದಿಲ್ಲಂತ ನಂಬಿದ್ನಿರಿ, ಮೇಡಂ."

ಅಲ್ಲಿಯವರೆಗೆ ಅವರು ನನ್ನನ್ನು ಎಂದೂ ಮೇಡಂ ಎಂದಿರಲಿಲ್ಲ. ಆ ಬಹುವಚನ ಕೆನ್ನೆಗೆ ಬಾರಿಸಿದಂತಾಯಿತು.

ಆಮೇಲೆ ಸಾಹೇಬರು ಅವರನ್ನು ಕರೆಯಲಿಲ್ಲ. ಮಿಸ್ತ್ರಿಯ ಕಣ್ಣು ಹೋಗ್ಯಾವ ಎಂಬ ಸುದ್ದಿ ಹಬ್ಬಿ ಉಳಿದ ಗುತ್ತಿಗೆದಾರರೂ ಕೈಬಿಟ್ಟರು. ದೊಡ್ಡ ದೊಡ್ಡ ಕಟ್ಟಡಗಳಿಗೆ ನೀರು ಏರಿಸಿದ ಮನುಷ್ಯ ಸುರಪುರದಲ್ಲಿ ಮನೆಮನೆಯ ಸೋರುವ ನಲ್ಲಿಗೆ ವಾಷರ್ ಹಾಕಿಕೊಂಡು ಉಳಿದರು. ಹೋದ ವರ್ಷ ತೀರಿಕೊಂಡರು. ಟೈಲ್ಸ್ ಕೆಲಸದವರೊಬ್ಬರು ಹೇಳಿದರು. ನಾನು ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಅಂದು ಅವರು ಗೋಡೆ ಒಡೆಯುತ್ತಿದ್ದ ಹೊತ್ತಿನಲ್ಲೇ, ಪಕ್ಕದ ಕೋಣೆಯಲ್ಲಿ ಕೂತು, ನಾನು ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಸರಿಯಾದ ಚಿತ್ರ ಹಾಕಿಬಿಟ್ಟಿದ್ದೆ. ಒಂದು ನಿಮಿಷದ ಕೆಲಸ. ಹೊಸದಾಗಿ ಸೇರಿದವರಿಗೆ ಸಾಹೇಬರು ಈಗಲೂ ಆ ಪಟ್ಟಿಯನ್ನೇ ತೆರೆದು ತೋರಿಸುತ್ತಾರೆ.

"ನೋಡ್ರಿ, ಹೆಸರೂ ಅದ, ಚಿತ್ರಾನೂ ಅದ. ಅಷ್ಟಾದ್ರೂ ಆ ಮುದುಕ ತಪ್ಪು ಮಾಡ್ಯಾನ. ಹೌದಲ್ಲೇನವ್ವಾ?"

"ಹೌದ್ರಿ ಸರ್" ಎನ್ನುತ್ತೇನೆ.