ಬಂದರು ಅಧಿಕಾರಿಯ ಮಗ

ಬಾಲಿಗಂಜ್‌ನ ತನ್ನ ಫ್ಲ್ಯಾಟಿಗೆ ಯಾರೇ ಬರಲಿ, ಚಹಾ ಬರುವ ಮೊದಲೇ ಕಲ್ಲಪ್ಪನ ಶಾಲಾಪುರಾಣ ಶುರುವಾಗುತ್ತಿತ್ತು. "ನಾವು ಬ್ರದರ್‌ಗಳ ಕೈಯಾಗ ತಯಾರಾದವರು" ಎಂದು ಬೀಗುತ್ತಿದ್ದ. ಅಲ್ಲಿಗೆ ಹೇಗೆ ಸೇರಿದೆ ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವನ ಅಪ್ಪ ಗದಗದ ಕಡೆಯಿಂದ ಬಂಗಾಳಿಗಳ ಊರಿಗೆ ಬಂದು, ಅಲ್ಲಿನ ಖಿದಿರ್‌ಪುರದ ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು. ಕ್ರೇನಿನಿಂದ ಜಾರಿದ ಪೆಟ್ಟಿಗೆಯಡಿ ಸಿಕ್ಕಿ ಸತ್ತ. ತಾಯಿ ಮೊದಲೇ ಹೋಗಿದ್ದಳು. ಮಂಗಳೂರು ಕಡೆಯ ಬ್ರದರ್ ಸಿರಿಲ್ ಈ ಕನ್ನಡದ ಹುಡುಗನನ್ನು ಕರೆತಂದು ಶಾಲೆಯ ಹಾಸ್ಟೆಲ್ಲಿನಲ್ಲಿಟ್ಟರು. ಪಾಠ ಹೇಳುವುದನ್ನೇ ವ್ರತ ಮಾಡಿಕೊಂಡ ಕ್ರೈಸ್ತ ಸನ್ಯಾಸಿ ಅವರು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದರು, ಇಂಗ್ಲಿಷ್ ಕಲಿಸಿದರು. ಹುಡುಗ ಸರ್ಕಾರಿ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿ ನಿವೃತ್ತನಾದ. ಅಷ್ಟರಲ್ಲಿ ಅವನ ಮಾತಿನಲ್ಲಿ ಅಪ್ಪ ಬಂದರಿನ ಅಧಿಕಾರಿಯಾಗಿಬಿಟ್ಟಿದ್ದ!

ಶಾಲೆಗೆ ನೂರು ತುಂಬಿತು. ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ನುಸುಳಿ ನುಸುಳಿ ಮುಂದೆ ಬಂದಿದ್ದ ಕಲ್ಲಪ್ಪ, ಶಾಲೆಯ ಚರಿತ್ರೆಯ ಪ್ರದರ್ಶನ ತನ್ನದೇ ಹೊಣೆ ಎಂದ. ಬಂದರಿನ ಕೂಲಿಗಳ ಅನಾಥ ಮಕ್ಕಳಿಗಾಗಿ ಹಳೆಯ ಗೋದಾಮಿನಲ್ಲಿ ಹುಟ್ಟಿದ ಶಾಲೆ ಅದು. ಕಲ್ಲಪ್ಪನ ಫಲಕದಲ್ಲಿ ಅದು 'ಬಂದರು ಅಧಿಕಾರಿಗಳ ಮಕ್ಕಳಿಗಾಗಿ' ಹುಟ್ಟಿತು. ಉಳಿದದ್ದೆಲ್ಲ ಫುಟ್‌ಬಾಲ್ ಕಪ್, ಮಂತ್ರಿಗಳ ಹಾರ, ಅವನದೇ ನಾಲ್ಕು ಫೋಟೊ.

ಉದ್ಘಾಟನೆಗೆ ಸಿರಿಲ್ ಅವರನ್ನೇ ಕರೆದಿದ್ದರು. ಎಂಬತ್ತು ದಾಟಿದ್ದರೂ ದಿನಾ ಬೆಳಿಗ್ಗೆ ಅದೇ ಶಾಲೆಯಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮುದುಕ. ಫಲಕ ಓದಿ, ಬೇರೆಯವರಿಗೆ ತಿಳಿಯದಿರಲೆಂದು ಕನ್ನಡದಲ್ಲೇ ಕೇಳಿದರು:

"ಇದೆಂತ ಮಾರಾಯ? ನಿನ್ನ ಅಪ್ಪ ಮೂಟೆ ಹೊರ್ತಿದ್ದದ್ದಲ್ವಾ? ಅದರಲ್ಲಿ ನಾಚಿಕೆ ಎಂತದ್ದು?"

ಕಲ್ಲಪ್ಪ ಒಮ್ಮೆ ನಕ್ಕ. ಏನಂದರೆಂದು ಕೇಳಿದ ಪ್ರಿನ್ಸಿಪಾಲರ ಕಡೆ ತಿರುಗಿ, ಬ್ರದರ್‌ಗೆ ಪಾಪ ವಯಸ್ಸಾಯಿತು, ಈಚೆಗೆ ಏನೇನೋ ಹೇಳುತ್ತಾರೆ, ನೆನಪು ಸರಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಸಾಕಿದ ಕೈಗೆ ಮರೆವಿನ ರೋಗ ಅಂಟಿಸಲು ಅವನಿಗೆ ಕ್ಷಣವೂ ಬೇಕಾಗಲಿಲ್ಲ. ಸಿರಿಲ್ ಕತ್ತರಿ ತೆಗೆದುಕೊಂಡು ರಿಬ್ಬನ್ ಕತ್ತರಿಸಿದರು.

ಕನ್ನಡ ತಿಳಿದ ಮೂರನೆಯವಳೊಬ್ಬಳು ಪಕ್ಕದಲ್ಲಿದ್ದಳು, ಅವನ ಹೆಂಡತಿ ಲೀಲಾ. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಹೇಳಿದಳು:

"ಮಾವನವ್ರು ಹಮಾಲಿ ಮಾಡತಿದ್ರು ಅಂತ ನನಗ ಲಗ್ನ ಆದ ವರ್ಷಾನ ಗೊತ್ತಿತ್ತು. ನಿಮಗ ನಾಚಿಕಿ ಅಂತ ಸುಮ್ಮನಿದ್ದೆ. ಆದ್ರ ಇವತ್ತು ಆ ಮನಿಷ್ಯಾಗ ಬುದ್ಧಿ ಕೆಟ್ಟದ ಅಂದ್ರಲ್ಲ, ಥೂ!"

"ಮಂದಿ ಮುಂದ ಮತ್ತೇನ್ ಅನ್ನಬೇಕಿತ್ತು?" ಎಂದ ಕಲ್ಲಪ್ಪ.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ನೆನಪು ಸರಿಯಿಲ್ಲದವರ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ಪ್ರಿನ್ಸಿಪಾಲರು ಬೆಳಗಿನ ಪಾಠ ನಿಲ್ಲಿಸಿದರು. ದಸರೆ ಸಮಯದ ಪೂಜೆಯ ರಜೆ ಮುಗಿಯುವ ಹೊತ್ತಿಗೆ ಸಿರಿಲ್ ಅವರನ್ನು ಊರಾಚೆಯ ವೃದ್ಧ ಬ್ರದರ್‌ಗಳ ಮನೆಗೆ ಸಾಗಿಸಿದ್ದಾಯಿತು.

ಲೀಲಾ ಈಗ ಭಾನುವಾರ ಲೋಕಲ್ ಟ್ರೇನ್ ಹಿಡಿದು ಅಲ್ಲಿಗೆ ಹೋಗಿ, ತನ್ನ ಮಾವನ ಬಗ್ಗೆ ಅವರಿಂದ ಕೇಳಿ ತಿಳಿಯುತ್ತಾಳೆ. ಕಲ್ಲಪ್ಪ ಒಮ್ಮೆಯೂ ಹೋಗಿಲ್ಲ. ಅವನಿಗೆ ಮಂಡಿನೋವಂತೆ. ಸಂಘದ ಚುನಾವಣೆಗೆ ಮಾತ್ರ ಮನೆಮನೆಯ ಮೆಟ್ಟಿಲು ಹತ್ತಿ ಇಳಿದ, ಗೆದ್ದೂಬಿಟ್ಟ.