ಮನ್ಯಾಗ ಅದಾಳ್ರಿ

“ಸಂಜಿಗೆ ಲಗೂ ಬರ್ರಿ, ಎಣ್ಣಿಗಾಯಿ ಮಾಡ್ತೇನಿ.” ನನ್ನ ಹೆಂಡತಿ ನನಗ ಆಡಿದ ಕಡೀ ಮಾತು ಇದು. ನಾನು ಕುರಿ ಹೊಡಕೊಂಡು ಬರೂದ್ರಾಗ ಆಕಿ ಜೀವ ಹೋಗಿತ್ತು. ಮಣ್ಣು ಮಾಡಿದ ಮ್ಯಾಲ ನಾನು ಮಮದಾಪುರದ ಮನಿಯಾಗ ಮಲಗಲಿಲ್ಲ. ಕುರಿ ಜೋಡಿ ಗುಡ್ಡದಾಗ ಉಳಕೊಂಡೆ. ಆಕಿ ಸತ್ತಾಳ ಅಂತ ನನ್ನ ಬಾಯಿಲೆ ಯಾರಿಗೂ ಹೇಳಿರಲಿಲ್ಲ.

ಒಂದಿನ ಗೋಕಾಕ ಫಾಲ್ಸ್ ಮ್ಯಾಲಿನ ಗುಡ್ಡದಾಗ, ಕೊಳ್ಳದ ಬಾಜೂಕ, ನೀಲಗಿರಿ ಗಿಡದ ನಡುವ ಒಂದು ದೊಡ್ಡ ಗಾಡಿ ನಿಂತಿತ್ತು. ಒಳಗ ಹಾಸಿಗಿ, ಒಲಿ, ನಳ ಎಲ್ಲಾ ಇತ್ತು. ಧಾರವಾಡದ ಗಂಡ ಹೆಂಡತಿ ಅದರಾಗ ಊರೂರು ತಿರಗತಿದ್ದರು.

“ಇದ ನಮ್ಮ ಮನಿ ನೋಡ್ರಿ ಕಾಕಾ,” ಅಂದ ಗಂಡ.

“ಮನಿ ಎಲ್ಲೀದು? ತಿರಗೂ ಡಬ್ಬಿ! ಎದ್ದು ನಿಂತರ ತಲಿಗೆ ಬಡೀತೈತಿ,” ಅಂದಳು ಹೆಂಡತಿ. ಆಮ್ಯಾಲ ನನ್ನ ಕೇಳಿದಳು, “ನಿಮ್ಮ ಮನಿಯವರು ಎಲ್ಲದಾರ್ರಿ?”

“ಮನ್ಯಾಗ ಅದಾಳ್ರಿ,” ಅಂದುಬಿಟ್ಟೆ. ನನ್ನ ಹೆಂಡತಿ ಇದ್ದ ಮೂವತ್ತು ವರ್ಷ ಯಾರ ಕೇಳಿದರೂ ಇದನ್ನ ಹೇಳೇನಿ. ನಾಲಿಗಿ ತಾನ ಅಂತು.

ಆ ಹೆಣ್ಣಮಗಳು ಎರಡು ಶೇಂಗಾ ಹೋಳಿಗಿ ಕೊಟ್ಟಳು. “ಒಂದು ನಿಮಗ, ಒಂದು ಅವರಿಗೆ. ದಾರ್ಯಾಗ ಎರಡೂ ನೀವ ತಿಂದೀರಿ ಮತ್ತ!” ಅಂತ ನಕ್ಕಳು.

ನನ್ನದು ತಿಂದೆ. ಇನ್ನೊಂದನ್ನ ಬಾಳ ಹೊತ್ತು ಕೈಯಾಗ ಹಿಡಕೊಂಡು ಕುಂತೆ. ಕಡೀಕ ಅದನ್ನೂ ತಿಂದೆ. ಮ್ಯಾಲ ನೀರು ಕುಡದೆ.

ಮರುದಿನ ಮುಂಜಾನೆ, ಅವರು ಹೊರಡೂಕಿಂತ ಮೊದಲ ಹೋಗಿ ಗಾಡಿ ಬಾಗಲಾ ಬಡದೆ. ಆಕಿ ಬಾಗಲಾ ತಗದಳು.

“ಯವ್ವಾ, ನನ್ನ ಹೆಂಡತಿ ಇಲ್ಲ. ಸತ್ತು ಮೂರು ತಿಂಗಳಾತು,” ಅಂದೆ. “ಹೋಳಿಗಿ ಎರಡೂ ನಾನ ತಿಂದೇನಿ.”