ಬಿಲ್ಲೆಗೆ ಮೈಯೊಡ್ಡಿದವನು

ಅಣ್ಣನ ತಲೆಸುತ್ತಿನ ಸಂಗತಿಯನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಅವನು ದುಬೈಯಲ್ಲಿ ಸಂಬಳಕ್ಕೆ ‘ಐಸ್ ಹಾಕಿ’ ಎಂಬ, ಮಂಜುಗಡ್ಡೆಯ ಮೇಲಿನ ಆಟ ಆಡುತ್ತಿದ್ದ. ಗೋಲಿನತ್ತ ಹಾರಿಬರುವ ಗಟ್ಟಿ ರಬ್ಬರ್ ಬಿಲ್ಲೆಯನ್ನು ಮೈಯೊಡ್ಡಿ ತಡೆಯುವುದೇ ಡಿಫೆಂಡರಾದ ಅವನ ಕೆಲಸ. “ತಣ್ಣೀರು ಮುಟ್ಟದವ ಮಂಜುಗಡ್ಡೆ ಮೇಲೆ ಆಡ್ತಾನಂತೆ!” ಎಂದು ಅಮ್ಮ ನಗುತ್ತಿದ್ದಳು.

ಕಳೆದ ರಜೆಯಲ್ಲಿ ವಾಮಂಜೂರಿನ ಮನೆಗೆ ಬಂದವನು ಗೋಡೆ ಹಿಡಿದು ನಡೆಯುತ್ತಿದ್ದ. ಕೇಳಿದರೆ “ಎಂತ ಇಲ್ಲ ಮಾರಾಯ್ತಿ” ಎನ್ನುತ್ತಿದ್ದ. ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ನನ್ನೊಬ್ಬಳ ಎದುರು ಕುಸಿದ. “ತಲೆಗೆ ಬಿಲ್ಲೆ ಬಡಿದದ್ದು ಗೊತ್ತಾದ್ರೆ ಅಮ್ಮ ವಾಪಸ್ ಕಳಿಸ್ಲಿಕ್ಕಿಲ್ಲ. ನಮ್ಮ ದೈವದ ಆಣೆ ಹಾಕು” ಎಂದ. ಹಾಕಿದೆ. ಮುರಿದರೆ ದೈವ ಅವನಿಗೇ ಕೆಡುಕು ಮಾಡೀತೆಂದು ಹೆದರಿ ಸುಮ್ಮನಿದ್ದೆ.

ಮರಳಿ ಹೋದವನ ತಲೆಗೆ ಇನ್ನೊಂದು ಪೆಟ್ಟು ಬಿತ್ತು. ಈಗ ಆಟ ಬಿಟ್ಟು ಊರಿಗೆ ಬಂದಿದ್ದಾನೆ; ಮನೆಯಲ್ಲಿ ಕದ ಬಡಿದರೂ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾನೆ. ನಿನ್ನೆ ಅಮ್ಮನೆದುರೇ ಹೇಳಿದೆ: “ಅಣ್ಣ, ಆಣೆ ಮುರಿದಾದ್ರೂ ನಾನು ಹೇಳ್ಬೇಕಿತ್ತು. ತಪ್ಪಾಯ್ತು.”